ಹಳೆಯ ಕ್ಯಾಮೆರಾದಲ್ಲಿ ಪೇಟೆಬೀದಿಯ ದಾಖಲೆ

ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ 2017ರಿಂದ ಹಂಪಿಯ ಕಲ್ಲಿನ ರಥ ಅಚ್ಚಾಗುತ್ತಿದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಪ್ರತಿಯೊಬ್ಬ ವರ್ತಕನ ಕೈಯಲ್ಲೂ ದಿನಕ್ಕೆ ಹತ್ತಾರು ಸಲ ಹಾದುಹೋಗುವ ಚಿತ್ರ ಅದು. ಆದರೆ ಆ ರಥ ಮೊದಲು ಹಾಗಿರಲಿಲ್ಲ. ಅದರ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರವೊಂದಿತ್ತು. ಮದ್ರಾಸ್ ಸೇನೆಯ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಆ ಶಿಖರ ಸ್ಪಷ್ಟವಾಗಿ ಕಾಣುತ್ತದೆ. ಅನಂತರದ ದಶಕಗಳಲ್ಲಿ ಅದನ್ನು ತೆಗೆದುಹಾಕಲಾಯಿತು. ಇಂದು ಆ ಶಿಖರ ಉಳಿದಿರುವುದು ಮೇಣ ಹಚ್ಚಿದ ಒಂದು ಕಾಗದದ ನೆಗೆಟಿವ್‌ನಲ್ಲಿ.

ಗ್ರೀನ್‌ಲಾ ಕ್ಯಾಮೆರಾ ಹೊತ್ತು ಬಂದಾಗ ಹಂಪಿ ಯಾರ ಗಮನಕ್ಕೂ ಬಾರದ ಹಾಳೂರಾಗಿತ್ತು. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸಿವೆಲ್ ಬರೆದ ವಿಜಯನಗರದ ಇತಿಹಾಸ ಪ್ರಕಟವಾದದ್ದು 1900ರಲ್ಲಿ. ಲಾಂಗ್‌ಹರ್ಸ್ಟ್ ಅವರ ಕೈಪಿಡಿ 1917ರಲ್ಲಿ. ವಿಶ್ವ ಪರಂಪರೆಯ ಪಟ್ಟಿಗೆ ಹಂಪಿ ಸೇರಿದ್ದು 1986ರಲ್ಲಿ. ಯಾರೂ ನೋಡದಿದ್ದ ಕಾಲದಲ್ಲಿ ಒಬ್ಬಾತ ನೋಡಿ ಚಿತ್ರ ತೆಗೆದಿಟ್ಟಿದ್ದರಿಂದಲೇ ಸುಮಾರು ಅರವತ್ತು ನೆಗೆಟಿವ್‌ಗಳ ಆ ಸಂಗ್ರಹಕ್ಕೆ ಇಂದು ಬೆಲೆ ಕಟ್ಟಲಾಗದು. ಈಗ ಪರಿಸ್ಥಿತಿ ತಲೆಕೆಳಗಾಗಿದೆ. ಕಲ್ಲಿನ ರಥವನ್ನು ಸೆರೆಹಿಡಿಯದ ಮೊಬೈಲಿಲ್ಲ. ಆದರೆ ಅದೇ ಪ್ರವಾಸಿಗರು ಊಟಕ್ಕೆ, ಬಟ್ಟೆಬರೆಗೆ, ಔಷಧಿಗೆ ಬಂದು ನಿಲ್ಲುವ ಹೊಸಪೇಟೆಯ ಅಂಗಡಿ ಬೀದಿಯತ್ತ, ಮರಿಯಮ್ಮನಹಳ್ಳಿಯ ಸಂತೆಯತ್ತ ಕ್ಯಾಮೆರಾ ತಿರುಗುವುದು ಅಪರೂಪ. 1856ರಲ್ಲಿ ಹಂಪಿ ಇದ್ದ ಸ್ಥಿತಿಯಲ್ಲಿ ಇಂದು ನಮ್ಮ ಪೇಟೆಗಳಿವೆ.

ಅದೇ ಜಾಗ, ನೂರಿಪ್ಪತ್ತೇಳು ವರ್ಷಗಳ ನಂತರ

ಆಸ್ಟ್ರೇಲಿಯಾದ ವಾಸ್ತುಶಿಲ್ಪ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಅದೇ ದೃಶ್ಯಗಳನ್ನು ಮತ್ತೆ ಫಿಲ್ಮಿನ ಮೇಲೆ ತೆಗೆದರು. ಹಂಪಿಯಲ್ಲಿ ದೀರ್ಘಕಾಲ ಸಮೀಕ್ಷೆ ನಡೆಸಿದ ವಿದ್ವಾಂಸರಾದ ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಜ್ ಅವರ ಕೆಲಸಕ್ಕೆ ಇದು ಪೂರಕವಾಯಿತು. ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಯಾವ ಗೋಪುರದ ಇಟ್ಟಿಗೆ ಉದುರಿದೆ, ಎಲ್ಲಿ ದುರಸ್ತಿಯಾಗಿದೆ, ಎಲ್ಲಿ ಗಿಡಗಂಟಿ ತೆಗೆಯಲಾಗಿದೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ವಿಧಾನಕ್ಕೆ ವಿಶೇಷ ಪಾಂಡಿತ್ಯ ಬೇಡ. ಹಳೆಯ ಚಿತ್ರವೊಂದು, ಅದನ್ನು ತೆಗೆದವರು ನಿಂತಿದ್ದ ಜಾಗವನ್ನು ಪತ್ತೆಹಚ್ಚುವ ತಾಳ್ಮೆ ಮತ್ತು ವರ್ಷದ ಅದೇ ಕಾಲದ, ದಿನದ ಅದೇ ಹೊತ್ತಿನ ಬಿಸಿಲು ಇದ್ದರೆ ಸಾಕು. ಹಳೆಯ ಚಿತ್ರವೇ ಇಲ್ಲದಿದ್ದರೆ ಇಂದು ತೆಗೆಯುವುದೇ ಮೊದಲನೆಯದಾಗುತ್ತದೆ. ಎರಡನೆಯದನ್ನು ಮುಂದಿನ ತಲೆಮಾರು ತೆಗೆದುಕೊಳ್ಳಲಿ.

ಮೊದಲನೆಯ ಚಿತ್ರ ತೆಗೆಯಲು ತಡವಾದರೆ ಏನಾಗುತ್ತದೆ ಎಂಬುದಕ್ಕೆ ವಿರೂಪಾಕ್ಷ ದೇವಾಲಯದ ಮುಂದಿನ ಹಂಪಿ ಬಜಾರೇ ಸಾಕ್ಷಿ. ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ವಿಜಯನಗರದ ಬೀದಿಗಳಲ್ಲಿ ನಡೆಯುತ್ತಿದ್ದ ವ್ಯಾಪಾರವನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಅದೇ ನಗರದ ಈ ಬೀದಿಯ ಸಾಲು ಮಂಟಪಗಳಲ್ಲಿ ಇತ್ತೀಚಿನವರೆಗೂ ಅಂಗಡಿ, ಹೋಟೆಲು, ಮನೆಗಳಿದ್ದವು. 2011ರ ಜುಲೈ ಕೊನೆಯಲ್ಲಿ ಅವುಗಳನ್ನು ತೆರವುಗೊಳಿಸಲಾಯಿತು. ಸ್ಮಾರಕ ಸಂರಕ್ಷಣೆಯ ದೃಷ್ಟಿಯಿಂದ ಅದು ಸರಿಯೇ, ಬೀದಿಯ ಬದುಕಿನ ದೃಷ್ಟಿಯಿಂದ ತಪ್ಪೇ ಎಂಬ ವಾದ ಇನ್ನೂ ತಣಿದಿಲ್ಲ. ಅದು ಈ ಲೇಖನದ ವಿಷಯವೂ ಅಲ್ಲ. ವಿಷಯ ಇಷ್ಟೇ: ಕಲ್ಲಿನ ಕಂಬಗಳು ಅಲ್ಲಿಯೇ ಇವೆ, ಅವುಗಳ ಪ್ರತಿ ಅಂಗುಲದ ಚಿತ್ರವೂ ಇದೆ. ಕಂಬಗಳ ನಡುವೆ ತೂಗುಹಾಕಿದ್ದ ಫಲಕ, ಹಲಗೆ ಬಾಗಿಲು, ಚಹಾದ ಅಂಗಡಿಯ ಕಟ್ಟೆ, ಕುಂಕುಮದ ರಾಶಿ ಇವೆಲ್ಲ ಯಾರೋ ಕುಟುಂಬದ ಚಿತ್ರ ತೆಗೆಯುವಾಗ ಹಿನ್ನೆಲೆಯಲ್ಲಿ ಸಿಕ್ಕಿದ್ದರೆ ಸಿಕ್ಕಿದವು.

ಮರಿಯಮ್ಮನಹಳ್ಳಿಯಿಂದ ಕಂಪ್ಲಿಯವರೆಗೆ

ಹೊಸಪೇಟೆಯಿಂದ ಚಿತ್ರದುರ್ಗದ ಕಡೆಗೆ ಹೊರಟ ಹೆದ್ದಾರಿಯಲ್ಲಿ ಮೊದಲು ಸಿಗುವ ದೊಡ್ಡ ಊರು ಮರಿಯಮ್ಮನಹಳ್ಳಿ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅದು ಎರಡು ನಿಮಿಷದ ಊರು. ಆದರೆ ತುಂಗಭದ್ರಾ ಜಲಾಶಯದ ಕಥೆಯ ಒಂದು ಭಾಗ ಇಲ್ಲಿದೆ. 1953ರಲ್ಲಿ ಅಣೆಕಟ್ಟು ತುಂಬಿದಾಗ ನೀರಿನಡಿ ಸೇರಿದ ಊರುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಅಲ್ಲಿಂದ ಎದ್ದು ಬಂದ ಕುಟುಂಬಗಳು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದವು. ಮುಳುಗಿದ ಊರಿನ ಪೇಟೆಬೀದಿ ಹೇಗಿತ್ತೆಂದು ಕೇಳಿದರೆ ಹಿರಿಯರು ಕೈಯಾಡಿಸಿ ತೋರಿಸಬಲ್ಲರು. ಆ ಕೈಗಳೂ ಈಗ ವಿರಳವಾಗುತ್ತಿವೆ.

ಊರಿಗೆ ಇನ್ನೊಂದು ಹೆಸರೂ ಉಂಟು, ಅದು ರಂಗಭೂಮಿಯದು. ವೃತ್ತಿ ನಾಟಕದ ಕಲಾವಿದೆಯರು ಬೆಳೆದ ನೆಲವಿದು. 2021ರ ಪದ್ಮಶ್ರೀ ಪುರಸ್ಕೃತೆ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ ಮಂಜಮ್ಮ ಜೋಗತಿ ಅವರೂ ಇಲ್ಲಿಯವರೇ. ಪ್ರಶಸ್ತಿ ಸ್ವೀಕರಿಸಿದ ಗಳಿಗೆಯ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ನಾಟಕದ ಪರದೆಗೆ ಬಣ್ಣ ಬಳಿಯುವವರು, ಗೋಡೆಯ ಮೇಲೆ ಪದರ ಪದರವಾಗಿ ಅಂಟಿದ ನಾಟಕದ ಜಾಹೀರಾತು, ಬಣ್ಣದ ಪೆಟ್ಟಿಗೆಯ ತಗಡಿನ ಮುಚ್ಚಳ, ಬಾಡಿಗೆಗೆ ಕೊಡುವ ಕಿರೀಟ ಮತ್ತು ಗದೆ ಇವು ಯಾರ ಚಿತ್ರಪಟಕ್ಕೂ ಸುಲಭವಾಗಿ ಬರುವುದಿಲ್ಲ. ರಂಗಭೂಮಿಯೂ ಒಂದು ಉದ್ಯಮವಾಗಿತ್ತು, ಅದಕ್ಕೂ ಸಾಮಗ್ರಿ ಪೂರೈಸುವ ವರ್ತಕರಿದ್ದರು ಎಂಬುದನ್ನು ತೋರಿಸುವ ವಸ್ತುಗಳು ಇವೇ.

ಇಂಥವು ಈ ಭಾಗದಲ್ಲಿ ಬೇಕಾದಷ್ಟಿವೆ. ಕೃಷ್ಣದೇವರಾಯ 1524ರಲ್ಲಿ ಕಟ್ಟಿಸಿದ ಅನಂತಶಯನಗುಡಿಯ ಎತ್ತರದ ಶಿಖರ ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲೇ ಇದ್ದರೂ ಪ್ರವಾಸಿ ವಾಹನಗಳು ನಿಲ್ಲುವುದು ಅಪರೂಪ. ಸಂಡೂರಿನ ಬೆಟ್ಟಸಾಲಿನ ರಾಮನದುರ್ಗದಲ್ಲಿ ಬ್ರಿಟಿಷ್ ಸೈನಿಕರ ಆರೋಗ್ಯಧಾಮದ ಪಳೆಯುಳಿಕೆಗಳಿವೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತ ಮೇಲೆ ಸಿದ್ಧ ವಸ್ತುಗಳ ಚಿತ್ರಗಳು ಹೇರಳವಾಗಿವೆ. ಸೂಜಿ ಹಿಡಿದು ಕುಳಿತ ಜಗುಲಿಯ ಚಿತ್ರ ಕಡಿಮೆ. ಕಂಪ್ಲಿಯಲ್ಲಿ ಕೋಟೆ, ಹೊಳೆದಂಡೆ, ಬಿದಿರಿನಿಂದ ಹೆಣೆದ ಹರಿಗೋಲು; ಭತ್ತದ ವ್ಯಾಪಾರದ ಊರಿನಲ್ಲಿ ಭತ್ತದ ಚೀಲಕ್ಕೆ ಹಾಕುವ ಕೊಕ್ಕೆ, ತಕ್ಕಡಿ, ಹಮಾಲರ ತಲೆಯ ಸಿಂಬಿ.

ಕಣ್ಣೆದುರಿನ ಸಾಮಾನ್ಯವನ್ನು ಚಿತ್ರಿಸುವ ಕೆಲಸಕ್ಕೆ ಕನ್ನಡ ನಾಡಿನಲ್ಲಿ ಹಿರಿಯ ಮಾದರಿಯೊಂದಿದೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ದೇಶದ ಪ್ರಮುಖ ಘಟನೆಗಳನ್ನು ಚಿತ್ರಿಸಿದ ಪತ್ರಿಕಾ ಛಾಯಾಗ್ರಾಹಕರಾದರೂ ಅವರ ಹೆಸರು ಉಳಿದಿರುವುದು ಬೀದಿಯ ಮಕ್ಕಳು, ಕೂಲಿಕಾರರು, ದಾರಿಹೋಕರ ಕಪ್ಪು ಬಿಳುಪಿನ ಚಿತ್ರಗಳಿಂದ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು.

ಫಿಲ್ಮೇ ಏಕೆ?

ಜೇಬಿನಲ್ಲಿ ಮೊಬೈಲ್ ಇರುವಾಗ ಹಳೆಯ ಕ್ಯಾಮೆರಾ ಏಕೆ ಎಂಬ ಪ್ರಶ್ನೆ ವ್ಯಾಪಾರಿಗೆ ಸಹಜವಾಗಿಯೇ ಏಳುತ್ತದೆ. ನೂರಕ್ಕೆ ತೊಂಬತ್ತು ಸಂದರ್ಭಗಳಲ್ಲಿ ಮೊಬೈಲೇ ಸಾಕು. ಫಿಲ್ಮಿನಲ್ಲಿ ದೈವಿಕವಾದದ್ದೇನೂ ಇಲ್ಲ. ಉಳಿದ ಹತ್ತು ಸಂದರ್ಭಗಳಿಗೆ ಮಾತ್ರ ಅದರ ಅಗತ್ಯವಿದೆ. ಒಂದು ರೀಲಿನಲ್ಲಿ ಇರುವುದು ಮೂವತ್ತಾರು ಚಿತ್ರ. ಪ್ರತಿಯೊಂದಕ್ಕೂ ಹಣ ಬೀಳುವುದರಿಂದ ಯಾವ ಬಾಗಿಲ ಮುಂದೆ ನಿಲ್ಲಬೇಕೆಂದು ಮೊದಲೇ ಯೋಚಿಸಬೇಕಾಗುತ್ತದೆ, ಬರೆದಿಟ್ಟುಕೊಳ್ಳಬೇಕಾಗುತ್ತದೆ. ಮೊಬೈಲಿನ ನಾಲ್ಕು ಸಾವಿರ ಚಿತ್ರಗಳಲ್ಲಿ ಬೇಕಾದ ಒಂದನ್ನು ಹುಡುಕುವುದು ಸರಕು ಪಟ್ಟಿ ಇಲ್ಲದ ಗೋದಾಮಿನಲ್ಲಿ ಒಂದು ಬೋಲ್ಟು ಹುಡುಕಿದಂತೆ. ಎರಡನೆಯದಾಗಿ, ಸರಿಯಾಗಿ ತೊಳೆದು ಒಣಗಿಸಿದ ಕಪ್ಪು ಬಿಳುಪಿನ ನೆಗೆಟಿವ್ ಕಾಗದದ ಲಕೋಟೆಯಲ್ಲಿ ಯಾರ ಹಂಗೂ ಇಲ್ಲದೆ ತಲೆಮಾರುಗಳ ಕಾಲ ಇರುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಅದಕ್ಕೆ ಪಾಸ್‌ವರ್ಡ್ ಬೇಡ. ಹತ್ತು ವರ್ಷದ ಹಿಂದಿನ ಹಾರ್ಡ್ ಡಿಸ್ಕಿನ ಬಗ್ಗೆ ಆ ಭರವಸೆ ಯಾರೂ ಕೊಡಲಾರರು.

ಮೂರನೆಯ ಕಾರಣ ನೇರವಾಗಿ ವ್ಯಾಪಾರಕ್ಕೆ ಸಂಬಂಧಿಸಿದ್ದು. 1999ರ ವ್ಯಾಪಾರ ಚಿಹ್ನೆ ಅಧಿನಿಯಮದ 34ನೇ ಕಲಮಿನ ಪ್ರಕಾರ, ಒಂದು ಹೆಸರನ್ನು ಬೇರೊಬ್ಬರು ನೋಂದಾಯಿಸಿಕೊಂಡಿದ್ದರೂ, ಅವರ ಬಳಕೆ ಹಾಗೂ ನೋಂದಣಿ ಎರಡಕ್ಕೂ ಮುಂಚಿನಿಂದ ಅದೇ ಹೆಸರನ್ನು ನಿರಂತರವಾಗಿ ಬಳಸುತ್ತ ಬಂದವರನ್ನು ತಡೆಯುವಂತಿಲ್ಲ. ಆದರೆ ಮುಂಚಿನ ಬಳಕೆಯನ್ನು ಸಾಬೀತುಪಡಿಸುವ ಹೊಣೆ ಬಳಸಿದವರದೇ. ಅಜ್ಜನ ಕಾಲದ ಹೆಸರಿನಲ್ಲಿ ಅವಲಕ್ಕಿ, ಬೆಲ್ಲ, ಊದುಬತ್ತಿ ಮಾರುವ ಅದೆಷ್ಟೋ ಸಣ್ಣ ಉತ್ಪಾದಕರ ಬಳಿ ಹಳೆಯ ಬಿಲ್ಲು ಪುಸ್ತಕಗಳಿಲ್ಲ. ಗೆದ್ದಲು ತಿಂದಿದೆ ಅಥವಾ ರದ್ದಿಗೆ ಹೋಗಿದೆ. ಅಂಗಡಿಯ ಫಲಕ ಓದುವಂತೆ ಕಾಣುವ, ಕಾಲವನ್ನು ಖಚಿತವಾಗಿ ಹೇಳಬಹುದಾದ ಒಂದು ಹಳೆಯ ಛಾಯಾಚಿತ್ರ ಅಂಥ ಸಂದರ್ಭದಲ್ಲಿ ಇತರ ದಾಖಲೆಗಳಿಗೆ ಬಲ ಕೊಡುತ್ತದೆ. ರಸ್ತೆ ವಿಸ್ತರಣೆಯಲ್ಲಿ ಮುಂಭಾಗ ಕಳೆದುಕೊಂಡ ಕಟ್ಟಡದ ಅಳತೆ, ಮಹಡಿ, ಬಾಗಿಲುಗಳ ಬಗ್ಗೆ ವಿವಾದ ಎದ್ದಾಗಲೂ ಇದೇ ಮಾತು. ಡಿಜಿಟಲ್ ಚಿತ್ರವನ್ನು ನ್ಯಾಯಾಲಯದ ಮುಂದಿಡಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಸಾಮಾನ್ಯವಾಗಿ ಬೇಕಾಗುತ್ತದೆ. ನೆಗೆಟಿವ್ ಕೈಯಲ್ಲಿ ಹಿಡಿಯಬಹುದಾದ ಮೂಲ ವಸ್ತು. ಅದನ್ನು ಗುರುತು ಸಿಗದಂತೆ ತಿದ್ದುವುದು ಕಷ್ಟ. ಆದರೂ ಅದನ್ನು ತೆಗೆದವರು ಯಾರು, ಯಾವಾಗ ಎಂಬುದನ್ನು ತೋರಿಸಲೇಬೇಕು ಎಂಬುದನ್ನು ಮರೆಯುವಂತಿಲ್ಲ.

ರೀಲಿನ ಮಾರುಕಟ್ಟೆ

ಜಗತ್ತಿನಲ್ಲಿ ಫಿಲ್ಮಿನ ಮಾರಾಟ 2000ದ ಆಸುಪಾಸಿನಲ್ಲಿ ಶಿಖರ ಮುಟ್ಟಿ, ಮುಂದಿನ ಹತ್ತೇ ವರ್ಷಗಳಲ್ಲಿ ಕುಸಿಯಿತು. 2004ರಲ್ಲಿ ಬ್ರಿಟನ್ನಿನ ಇಲ್ಫೋರ್ಡ್, 2005ರಲ್ಲಿ ಜರ್ಮನಿಯ ಆಗ್ಫಾಫೋಟೊ, 2012ರ ಜನವರಿಯಲ್ಲಿ ಅಮೆರಿಕದ ಕೊಡಾಕ್ ಒಂದಾದ ಮೇಲೊಂದು ದಿವಾಳಿತನದ ಅಂಚಿಗೆ ಬಂದವು. ಮೊದಲ ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲಿ ತಯಾರಿಸಿದ್ದು ಕೊಡಾಕ್‌ನದೇ ಎಂಜಿನಿಯರ್ ಎಂಬುದು ಈ ಕಥೆಯ ವ್ಯಂಗ್ಯ. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರ 1960ರಲ್ಲಿ ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪಿಸಿತು. ಅಲ್ಲಿ 1967ರಲ್ಲಿ ಉತ್ಪಾದನೆ ಆರಂಭವಾಗಿ ‘ಇಂದು’ ಎಂಬ ಹೆಸರಿನ ಫಿಲ್ಮು ಸ್ಟುಡಿಯೋಗಳಿಗೂ ಎಕ್ಸ್‌ರೇ ಕೋಣೆಗಳಿಗೂ ತಲುಪಿತು. 1990ರ ದಶಕದಲ್ಲಿ ರೋಗಗ್ರಸ್ತ ಉದ್ಯಮವೆಂದು ಘೋಷಿತವಾದ ಆ ಕಾರ್ಖಾನೆ ಇಂದಿಲ್ಲ. ವಡೋದರಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಹಲವು ಮಧ್ಯಮವರ್ಗದ ಮನೆಗಳ ಮೊದಲ ಕ್ಯಾಮೆರಾ; ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರ. ಅದು ಈಗಲೂ ಅಟ್ಟದ ಮೇಲೆ ಸಿಗುತ್ತದೆ, ಮತ್ತು ಅದಕ್ಕೆ ಬೇಕಾದ 120 ಅಳತೆಯ ಫಿಲ್ಮ್ ಈಗಲೂ ತಯಾರಾಗುತ್ತಿದೆ ಎಂಬುದು ಹಲವರಿಗೆ ತಿಳಿದಿಲ್ಲ.

ಸತ್ತಿತೆಂದುಕೊಂಡ ಸರಕು ಸಣ್ಣ ಪ್ರಮಾಣದಲ್ಲಿ ಮರಳಿದೆ. ಇಲ್ಫೋರ್ಡ್‌ನ ವ್ಯವಸ್ಥಾಪಕರೇ 2005ರಲ್ಲಿ ಆ ಉದ್ಯಮವನ್ನು ಕೊಂಡು ‘ಹಾರ್ಮನ್’ ಹೆಸರಿನಲ್ಲಿ ನಡೆಸಿದರು. 2023ರ ಡಿಸೆಂಬರಿನಲ್ಲಿ ಅವರು ಹೊಸ ಬಣ್ಣದ ಫಿಲ್ಮನ್ನೂ ಹೊರತಂದರು. ಪೆಂಟಾಕ್ಸ್ 2024ರಲ್ಲಿ ಹೊಸ ಫಿಲ್ಮ್ ಕ್ಯಾಮೆರಾವನ್ನೇ ಮಾರುಕಟ್ಟೆಗೆ ಬಿಟ್ಟಿತು. ಅರ್ಧ ಚೌಕಟ್ಟಿನ ವಿಧಾನದಿಂದ ಅದರಲ್ಲಿ ಒಂದು ರೀಲಿಗೆ ಎಪ್ಪತ್ತೆರಡು ಚಿತ್ರ ಬರುತ್ತವೆ. ಭಾರತಕ್ಕೆ ಫಿಲ್ಮು ಬರುವುದು ಆಮದಾಗಿ. ಆದ್ದರಿಂದ ಒಂದು ರೀಲಿನ ಬೆಲೆ ಹಲವು ನೂರು ರೂಪಾಯಿಗಳಿಂದ ಸಾವಿರ ದಾಟುವವರೆಗೆ ಇರುತ್ತದೆ. ಸಗಟು ಖರೀದಿಯ ಲೆಕ್ಕ ಇಲ್ಲಿಯೂ ಅನ್ವಯಿಸುತ್ತದೆ: ನೂರು ಅಡಿಯ ದೊಡ್ಡ ಸುರುಳಿ ಕೊಂಡು ಕತ್ತಲಲ್ಲಿ ಕತ್ತರಿಸಿ ತುಂಬಿಸಿಕೊಂಡರೆ ಮೂವತ್ತಾರು ಚಿತ್ರದ ಸುಮಾರು ಹದಿನೆಂಟು ರೀಲುಗಳಾಗುತ್ತವೆ. ನಾಲ್ಕೈದು ಹವ್ಯಾಸಿಗಳು ಸೇರಿ ಕೊಂಡರೆ ಹೊರೆ ಹಗುರ.

ಕ್ಯಾಮೆರಾ ಆಯ್ಕೆಯಲ್ಲಿ ಮೋಹಕ್ಕಿಂತ ಲೆಕ್ಕಾಚಾರ ಒಳ್ಳೆಯದು. 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ1000ದಂಥ ಯಾಂತ್ರಿಕ ಕ್ಯಾಮೆರಾದಲ್ಲಿ ಬ್ಯಾಟರಿ ಬೇಕಿರುವುದು ಬೆಳಕಿನ ಮಾಪಕಕ್ಕೆ ಮಾತ್ರ. ಅದು ಕೆಟ್ಟರೂ ನೂರರ ವೇಗದ ಫಿಲ್ಮಿಗೆ ಪೂರ್ಣ ಬಿಸಿಲಿನಲ್ಲಿ ದ್ಯುತಿರಂಧ್ರ ಹದಿನಾರು, ವೇಗ ಸೆಕೆಂಡಿನ ನೂರಿಪ್ಪತ್ತೈದನೇ ಒಂದು ಭಾಗ ಎಂಬ ಹಳೆಯ ಸೂತ್ರ ನೆನಪಿದ್ದರೆ ಕೆಲಸ ನಿಲ್ಲದು. ಬಳ್ಳಾರಿ ಸೀಮೆಯಲ್ಲಿ ಪೂರ್ಣ ಬಿಸಿಲಿಗೇನೂ ಬರವಿಲ್ಲ. ಕೊಳ್ಳುವ ಮುನ್ನ ಹಿಂಬಾಗಿಲಿನ ಅಂಚಿನ ಫೋಮ್ ಪಟ್ಟಿ ಪರೀಕ್ಷಿಸಬೇಕು. ವರ್ಷಗಳಾದಂತೆ ಅದು ಅಂಟಂಟಾಗಿ ಕರಗಿ ಬೆಳಕು ಒಳನುಗ್ಗುತ್ತದೆ. ಅದಿರಿನ ಲಾರಿಗಳು ಓಡಾಡುವ ದಾರಿಯಲ್ಲಿ ರೀಲು ಬದಲಿಸುವುದು ಬೇಡ. ಕೆಂಪು ಧೂಳಿನ ಒಂದು ಕಣ ಇಡೀ ರೀಲಿನ ಉದ್ದಕ್ಕೂ ಗೆರೆ ಎಳೆಯಬಲ್ಲದು.

ರೀಲು ತೊಳೆಸಲು ಹೊರ ಊರಿಗೆ ಕಳುಹಿಸುವುದಕ್ಕಿಂತ ಕಪ್ಪು ಬಿಳುಪನ್ನು ಮನೆಯಲ್ಲೇ ತೊಳೆಯುವುದು ಅಗ್ಗ. ಡೆವಲಪರ್, ಹೈಪೊ, ಬೆಳಕು ಹೋಗದ ಡಬ್ಬಿ, ಉಷ್ಣಮಾಪಕ ಇಷ್ಟಿದ್ದರೆ ಸಾಕು. ಇಲ್ಲಿಯ ನಿಜವಾದ ಶತ್ರು ನೀರಿನ ಬಿಸಿ. ರಾಸಾಯನಿಕಗಳ ಪ್ರಮಾಣಿತ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮೇ ತಿಂಗಳಲ್ಲಿ ಹೊಸಪೇಟೆಯ ಮೇಲ್ತೊಟ್ಟಿಯಿಂದ ಬರುವ ನೀರು ಅದಕ್ಕಿಂತ ಎಷ್ಟೋ ಬಿಸಿಯಾಗಿರುತ್ತದೆ. ಹಾಗೆಯೇ ಬಳಸಿದರೆ ಚಿತ್ರ ಕಪ್ಪುಗಟ್ಟುತ್ತದೆ, ಲೇಪವೂ ಮೆತ್ತಗಾಗುತ್ತದೆ. ಹಿಂದಿನ ರಾತ್ರಿ ಮಣ್ಣಿನ ಮಡಕೆಯಲ್ಲಿ ತುಂಬಿಟ್ಟ ನೀರು ಒಣ ಹವೆಯಲ್ಲಿ ತಾನಾಗಿಯೇ ತಣಿಯುತ್ತದೆ; ಉಳಿದದ್ದಕ್ಕೆ ಹೊರಬೋಗುಣಿಯಲ್ಲಿ ಮಂಜುಗಡ್ಡೆ. 24 ಡಿಗ್ರಿಗೆ ತಂದರೂ ಸಾಕು, ಸಮಯವನ್ನು ಮುಕ್ಕಾಲಿಗಿಂತ ತುಸು ಕಡಿಮೆ ಮಾಡಿಕೊಂಡರಾಯಿತು.

ಸ್ಟುಡಿಯೋಗಳ ಅಟ್ಟದಲ್ಲಿರುವುದು

ಹೊಸ ಚಿತ್ರ ತೆಗೆಯುವುದಕ್ಕಿಂತಲೂ ತುರ್ತಾದ ಕೆಲಸ ಬೇರೊಂದಿದೆ. ಪ್ರತಿ ಊರಿನಲ್ಲೂ ಎರಡು ಮೂರು ತಲೆಮಾರಿನ ಫೋಟೊ ಸ್ಟುಡಿಯೋಗಳಿದ್ದವು. ಅಂಗಡಿಯ ಪ್ರಾರಂಭೋತ್ಸವ, ಆಯುಧಪೂಜೆಯ ದಿನ ಲಾರಿಯ ಮುಂದೆ ಸಾಲಾಗಿ ನಿಂತ ಸಿಬ್ಬಂದಿ, ಗಿರಣಿಗೆ ಹೊಸ ಯಂತ್ರ ಬಂದ ದಿನ, ನಾಟಕ ಕಂಪನಿಯವರು ವೇಷದಲ್ಲಿ ಕುಳಿತ ಚಿತ್ರ ಇವೆಲ್ಲ ಅವರ ನೆಗೆಟಿವ್ ಡಬ್ಬಿಗಳಲ್ಲಿ ಸೇರಿವೆ. ಸ್ಟುಡಿಯೋ ಮುಚ್ಚಿದಾಗ ಡಬ್ಬಿಗಳ ಗತಿ ಒಂದೇ. ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುವುದರಿಂದ ಹಳೆಯ ಎಕ್ಸ್‌ರೇ ಹಾಳೆಗಳ ಜೊತೆ ಅವೂ ತೂಕಕ್ಕೆ ಹೋಗುತ್ತವೆ. ಬಣ್ಣದ ನೆಗೆಟಿವ್‌ನಲ್ಲಿ ತೊಳೆಯುವಾಗಲೇ ಬೆಳ್ಳಿ ಹೊರಟುಹೋಗಿರುತ್ತದೆ, ಉಳಿಯುವುದು ಬಣ್ಣ ಮಾತ್ರ. ಅದನ್ನು ಕೊಳ್ಳುವವರೂ ಇಲ್ಲ, ಅದು ನೇರವಾಗಿ ತಿಪ್ಪೆಗೆ. ಒಂದು ಪೇಟೆಯ ಐವತ್ತು ವರ್ಷಗಳ ವ್ಯಾಪಾರದ ಇತಿಹಾಸ ಒಂದು ಮಧ್ಯಾಹ್ನದ ತೂಕದಲ್ಲಿ ಮುಗಿದುಹೋಗುತ್ತದೆ.

ಇಲ್ಲಿ ವರ್ತಕರಿಗೆ ಹಕ್ಕೂ ಇದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೇ ಕಲಮಿನಂತೆ, ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರದ ಮೊದಲ ಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ನೆಗೆಟಿವ್ ಎಂಬ ವಸ್ತು ಸ್ಟುಡಿಯೋದ ಅಟ್ಟದಲ್ಲಿರಬಹುದು. ಚಿತ್ರದ ಹಕ್ಕು ಅಂಗಡಿಯವರದಾಗಿರುತ್ತದೆ. ಹಕ್ಕಿನ ಮಾತಿಗಿಂತ ಮೊದಲು ಸೌಜನ್ಯದ ಮಾತು ಆಡುವುದು ಲೇಸು. ಹೆಚ್ಚಿನ ಸ್ಟುಡಿಯೋ ಮಾಲೀಕರು ಹಳೆಯ ಡಬ್ಬಿಗಳನ್ನು ಯಾರಾದರೂ ಕೇಳಿದರೆಂದೇ ಸಂತೋಷಪಟ್ಟಾರು. ಸ್ಥಳೀಯ ವರ್ತಕರ ಸಂಘಗಳು ಸ್ಟುಡಿಯೋ ಮುಚ್ಚುವ ಸುದ್ದಿ ಬಂದ ಕೂಡಲೇ ತೂಕದ ಬೆಲೆಗೆ ಒಂದಿಷ್ಟು ಸೇರಿಸಿ ಡಬ್ಬಿಗಳನ್ನು ಕೊಂಡಿಟ್ಟರೆ, ವಿಂಗಡಣೆಯನ್ನು ನಿಧಾನವಾಗಿ ಮಾಡಬಹುದು. ಸಂಘದ ವಾರ್ಷಿಕೋತ್ಸವದ ಹೂವಿನ ಖರ್ಚಿಗಿಂತ ಇದು ಹೆಚ್ಚಾಗಲಾರದು.

ಇಡುವ ಕ್ರಮ ಸರಳ. ಪ್ಲಾಸ್ಟಿಕ್ ಚೀಲದಿಂದ ತೆಗೆದು ಕಾಗದದ ಲಕೋಟೆಗೆ ಹಾಕಬೇಕು. ಅಡುಗೆಮನೆ, ತಗಡಿನ ಚಾವಣಿ, ಒದ್ದೆಗೋಡೆಯಿಂದ ದೂರ, ಒಳಕೋಣೆಯ ಕಪಾಟಿನಲ್ಲಿ ಇಡಬೇಕು. ಡಬ್ಬಿ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮಿನ ತಳ ಕೊಳೆಯಲಾರಂಭಿಸಿದೆ ಎಂದರ್ಥ. ಅಂಥವನ್ನು ಉಳಿದವುಗಳಿಂದ ಬೇರ್ಪಡಿಸಿ ಮೊದಲು ಸ್ಕ್ಯಾನ್ ಮಾಡಿಸಬೇಕು. ಬಣ್ಣದ ನೆಗೆಟಿವ್‌ಗಳದ್ದು ಎರಡನೆಯ ಸರದಿ, ಬಣ್ಣ ಮಾಸುತ್ತ ಹೋಗುವುದರಿಂದ. ಗಾಜಿನ ತಟ್ಟೆಗಳು ಸಿಕ್ಕರೆ ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿ ಇಡಬೇಕು.

ಹೊಸದಾಗಿ ತೆಗೆಯುವವರು ಅಂಗಡಿಯವರ ಒಪ್ಪಿಗೆ ಕೇಳಿ, ಬಾಗಿಲು ತೆರೆಯುವ ಬೆಳಗಿನ ಹೊತ್ತಿನಲ್ಲಿ, ಫಲಕ ನೆರಳಿಲ್ಲದೆ ಓದಲು ಬರುವಂತೆ ಎದುರು ಬದಿಯಿಂದ ತೆಗೆಯುವುದು ಉತ್ತಮ. ಸಂರಕ್ಷಿತ ಸ್ಮಾರಕದ ಆವರಣವಾದರೆ ಮುಕ್ಕಾಲಿ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಪ್ರತಿ ಲಕೋಟೆಯ ಮೇಲೆ ಪೆನ್ಸಿಲಿನಿಂದ ನಾಲ್ಕು ಸಂಗತಿ ಬರೆಯಬೇಕು: ತಾರೀಖು, ಬೀದಿ ಮತ್ತು ಕಟ್ಟಡದ ಸಂಖ್ಯೆ, ಅಂಗಡಿಯ ಹೆಸರು, ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದು. ಕೊನೆಯದನ್ನು ಬರೆಯುವವರು ಕಡಿಮೆ. ಎರಡನೆಯ ಚಿತ್ರ ತೆಗೆಯಲು ಬರುವವರು ಮೊದಲು ಹುಡುಕುವುದು ಅದನ್ನೇ.